ಮೂವತ್ತೆರಡನೆಯ ಸುಣ್ಣ

"ಕೇಳಿರಿ ಮಹಾಜನಗಳೇ. ಅರಸರ ಮಗಳು ಪದುಮಲಾದೇವಿಯವರಿಗಾಗಿ ಕಟ್ಟಿಸಿದ ಹೊಸ ಅರಮನೆಯ ಗೋಡೆಗೆ ಒಪ್ಪುವ ಬಣ್ಣ ಸಿಕ್ಕಿಲ್ಲ. ದೇವಿಯವರು ಮೂರು ಒಗಟು ಒಡ್ಡುವರು. ಮೂರನ್ನೂ ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡಲಾಗುವುದು. ಒಂದರಲ್ಲಿ ತಪ್ಪಿದರೂ ಹುಣ್ಣಿಮೆಯ ದಿನ ತಲೆ ತೆಗೆಯಲಾಗುವುದು."

ಡಂಗುರದವನು ಮುತ್ತಗನೂರಿನ ಬೀದಿಗಳಲ್ಲಿ ಹೀಗೆ ಸಾರಿ ಹೋದ ವಾರಕ್ಕೆ ರಾಜಕುಮಾರರು ಬಂದಿಳಿದರು. ಆ ಹೊತ್ತಿಗೆ ಸುಣ್ಣ ಬಳಿಯುವ ಸಣ್ಣೀರ ಅದೇ ಅರಮನೆಯ ನಡುಮನೆಯಲ್ಲಿ, ಏಣಿಯ ಮೇಲೆ ನಿಂತು, ಅದೇ ಗೋಡೆಗಳಿಗೆ ಮೂವತ್ತೆರಡನೆಯ ಸುತ್ತು ಬಳಿಯುತ್ತಿದ್ದ. ಬಣ್ಣ ಗೊತ್ತಾಗುವ ತನಕ ಸುಣ್ಣದವರು ಹನ್ನೊಂದು ಜನವೂ ಊರ ಕಡೆ ತಲೆ ಹಾಕುವಂತಿಲ್ಲ ಎಂದು ಅರಸನ ಅಪ್ಪಣೆಯಾಗಿತ್ತು. ಬಂದು ಎರಡು ವರ್ಷವಾಗಿತ್ತು. ಸುಣ್ಣ ಕೊರೆದು ಅವನ ಅಂಗೈ ಬಿರಿದಿತ್ತು. ಅರಿಸಿನ ಬೆರೆಸಿದ್ದಾಯಿತು, ಕಾವಿ ಬೆರೆಸಿದ್ದಾಯಿತು, ನೀಲಿ ಬೆರೆಸಿದ್ದಾಯಿತು. ದೇವಿ ಬಂದು ನೋಡಿ "ಇದಲ್ಲ" ಎಂದು ಹೋಗುವಳು. ಬೈದಿದ್ದರೂ ವಾಸಿಯಿತ್ತು, ಅವಳ ದನಿಯೂ ಇವನ ತೋಳಿನಷ್ಟೇ ಸೋತಿರುತ್ತಿತ್ತು.

ಸಭೆ ಅಲ್ಲೇ ಕೂಡಿತು. ಏಣಿಯ ಮೇಲಿದ್ದವನನ್ನು ಇಳಿ ಎನ್ನಬೇಕೆಂದು ಯಾರಿಗೂ ತೋಚಲಿಲ್ಲ.

ದೇವಿ ಮೊದಲ ಒಗಟು ಹೇಳಿದಳು. "ಗೋಡೆಯ ಮೇಲೆ ಒಂದು ಬಣ್ಣ ನೋಡಿ ಬೇಡ ಅನ್ನುತ್ತೇನೆ. ಬೆಳಗಾಗುವಷ್ಟರಲ್ಲಿ ಅಲ್ಲಿ ಬೇರೆಯೇ ಬಣ್ಣ ಇರುತ್ತದೆ. ನಡುವೆ ಯಾರೂ ಮುಟ್ಟಿಲ್ಲ. ಬದಲಾಯಿಸಿದವರು ಯಾರು?"

"ನಿಮ್ಮ ಚಂಚಲ ಮನಸ್ಸು, ದೇವಿ" ಎಂದ ಮೊದಲ ರಾಜಕುಮಾರ, ಸರಸವಾಡುವವನಂತೆ ನಕ್ಕು. ಅವನನ್ನು ಸೆರೆಮನೆಗೆ ಕರೆದೊಯ್ದರು. ಎರಡನೆಯವನು ಶಾಸ್ತ್ರ ಓದಿಕೊಂಡವನು, "ಮಾಯೆ" ಎಂದ. ಅವನೂ ಹೋದ. ಮೂರನೆಯವನು ಏಣಿಯತ್ತ ಬೆರಳು ಮಾಡಿ, "ಸುಣ್ಣದವನು. ನೀರು ಬೆರೆಸಿ ಮೋಸ ಮಾಡಿದ್ದಾನೆ" ಎಂದ. ಸಣ್ಣೀರನ ಕುಂಚ ನಿಂತಿತು. ದೇವಿ ಅಲ್ಲವೆಂದು ತಲೆಯಾಡಿಸಿದಳು, ಮೂರನೆಯವನೂ ಹೋದ.

ಅರಸ ನಿಟ್ಟುಸಿರಿಟ್ಟು, "ಇದರ ಮೇಲೆಯೇ ನಾಳೆಯಿಂದ ಹೊಸದು ಶುರು ಮಾಡಿ" ಎಂದ.

ಸಣ್ಣೀರ ಏಣಿ ಇಳಿದು ಬಂದ. "ಬುದ್ಧಿ, ನಾನೊಂದ್ ಕಿತ ನೋಡ್ಲಾ?"

"ತಲೆಯ ಮೇಲೆ ಆಸೆ ಇಲ್ಲವೇನೋ?"

"ಐತೆ ಬುದ್ಧಿ. ಆದ್ರೆ ಮೂವತ್ಮೂರನೇ ಸಲ ಬಳಿಯಾಕೆ ತೋಳಲ್ಲಿ ಶಕ್ತಿ ಇಲ್ಲ."

ದೇವಿ ಅವನತ್ತ ತಿರುಗಿದಳು. ಎರಡು ವರ್ಷದಲ್ಲಿ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಇವು ಒಗಟುಗಳಲ್ಲ, ಈಕೆಗೂ ಉತ್ತರ ಗೊತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದಾಳೆ ಎಂದು ಅವನಿಗೆ ಆಗ ಹೊಳೆಯಿತು.

"ಬದಲಾಯಿಸೋದು ಒಣಗೋ ಗುಣ, ತಾಯಿ" ಎಂದ. "ಸುಣ್ಣ ಹಸಿ ಇದ್ದಾಗ ಮಂಕಾಗಿರ್ತದೆ. ನೀರು ಆರಿದ ಮ್ಯಾಲೇ ಅದರ ಬಣ್ಣ ಬರೋದು. ನೀವು ಹಸೀಲೇ ಬ್ಯಾಡ ಅಂತೀರಿ. ಅದು ಬೆಳ್ಳಗಾಗೋ ಹೊತ್ಗೆ ನಾವು ಮ್ಯಾಲೆ ಇನ್ನೊಂದು ಬಳೀತಿರ್ತೀವಿ. ಅಗೋ, ಆ ಗೋಡೆ ನಿನ್ನೇದು, ಈ ಗೋಡೆ ಇವತ್ತಿಂದು. ಮಡಕೆ ಒಂದೇ."

ದೇವಿ ಎರಡನ್ನೂ ನೋಡಿದಳು. ಇದ್ದದ್ದು ಹಾಗೆಯೇ.

"ಸರಿ. ಎರಡನೆಯದು. ಒಂದೇ ಮಡಕೆಯ ಬಣ್ಣ ನಾಲ್ಕು ಗೋಡೆಗೂ ಬಳಿದು ಒಣಗಿಸಿದರೂ ನಾಲ್ಕೂ ನಾಲ್ಕು ಬಗೆ ಕಾಣುತ್ತವೆ. ಭೇದ ಮಾಡಿದವರಾರು?"

ಸಣ್ಣೀರ ಹೋಗಿ ಮೂಡಣ ಕಿಟಕಿಯ ಕದ ಮುಚ್ಚಿದ. ಎದುರು ಗೋಡೆಯ ಮೇಲಿದ್ದ ಹಳದಿ ಆರಿಹೋಯಿತು. ಕದ ತೆಗೆದು, ಕೆಂಪು ಕಾವಿ ನೆಲದ ಮೇಲೆ ಚಾಪೆ ಹಾಸಿದ. ಗೋಡೆಯ ಬುಡಕ್ಕೆ ಏರಿದ್ದ ಕೆಂಪೂ ಹೋಯಿತು. "ಬಿಸಿಲು, ತಾಯಿ. ಅದು ಎಲ್ಲಿ ಬಿದ್ದು ಬರ್ತದೋ ಅಲ್ಲಿಂದ ಏನಾದ್ರೂ ಹೊತ್ಕೊಂಡೇ ಬರ್ತದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಮೂರನೆಯದನ್ನು ಹೇಳುವಾಗ ದೇವಿಯ ದನಿ ತಗ್ಗಿತ್ತು.

"ನಮ್ಮಮ್ಮ ಇದ್ದ ಹಳೆಯ ಮನೆ ಅವಳು ತೀರಿಹೋದ ಹಿಂದೆಯೇ ಬಿದ್ದುಹೋಯಿತು. ಅಲ್ಲಿ ಅವಳು ಕೂರುವ ಕಡೆ, ಕೂತವರ ತಲೆಯೆತ್ತರಕ್ಕೆ, ಗೋಡೆಯ ಮೇಲೊಂದು ಬಣ್ಣವಿತ್ತು. ಜೇನಿನ ಹಾಗೆ. ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು. ನನಗೆ ಬೇಕಾದದ್ದು ಅದೊಂದೇ. ಅದನ್ನು ಬಳಿದವರು ಯಾರು?"

ಸಣ್ಣೀರನಿಗೆ ಕೂಡಲೇ ಗೊತ್ತಾಯಿತು, ಗೊತ್ತಾದದ್ದಕ್ಕೆ ಕೆಡುಕೆನಿಸಿತು. ಅಂಥದ್ದನ್ನು ಅಳಿಸುವುದೇ ಅವನ ಕಸುಬು. ಹಬ್ಬ ಬಂತೆಂದರೆ ಜನ ಅವನನ್ನು ಕರೆಸುತ್ತಿದ್ದುದೇ ಅದಕ್ಕೆ. ಸತ್ತ ರಾಣಿಯ ವಿಷಯದಲ್ಲಿ ಆ ಮಾತನ್ನು ಅರಸನ ಎದುರಿಗೆ ಆಡುವುದು ಹೇಗೆ? ಆದರೆ ಸುಳ್ಳು ಹೇಳುವುದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

"ತಪ್ಪು ತಿಳೀಬ್ಯಾಡಿ ತಾಯಿ. ಅದು ಬಣ್ಣ ಅಲ್ಲ, ತಲೆಗೆ ಹಚ್ಚಿದ ಎಣ್ಣೆ ಕಲೆ. ಮಹಾರಾಣಿಯೋರು ದಿನಾ ದಣಿದು ಬಂದು ಅಲ್ಲಿ ತಲೆ ಆನಿಸ್ತಿದ್ರು. ಬಳಿದೋರು ಅವರೇ."

ಕಾವಲಿನವನು ಕತ್ತಿಗೆ ಕೈ ಹಾಕಿದ. ಅರಸ ಬೇಡವೆಂದು ಸನ್ನೆ ಮಾಡಿದ. ಅವನ ಕಣ್ಣು ನೆಲ ನೋಡುತ್ತಿತ್ತು. ರಾಣಿ ಒರಗಿ ಕೂತದ್ದನ್ನು ನೋಡಿದ ನೆನಪು ಅವನಿಗಿರಲಿಲ್ಲ.

"ನಮ್ಮ ಕೈಲಿ ಅದು ಬರಾಕಿಲ್ಲ" ಎಂದ ಸಣ್ಣೀರ. "ಈ ಗೋಡೆಗಳು ಎರಡು ವರ್ಷದಿಂದ ಹಸೀನೇ ಅವೆ. ಒಬ್ರಿಗಾದ್ರೂ ಒರಗೋಕಾಗಿಲ್ಲ."

ದೇವಿ ಎದ್ದು ನಿನ್ನೆಯ ಗೋಡೆಯ ಬಳಿ ಹೋಗಿ ನೆಲದ ಮೇಲೆ ಕೂತು ತಲೆ ಆನಿಸಿದಳು. ಸೀರೆಗೆ, ಜಡೆಗೆ ಸುಣ್ಣ ಹತ್ತಿತು. ದಾಸಿಯರು ಓಡಿ ಬಂದರೆ ಕೈಯಾಡಿಸಿ ಕಳಿಸಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಅತ್ತಳು. ಆಮೇಲೆ "ಉತ್ತರ ಸರಿ" ಎಂದಳು. ಅವನ ಬಿರಿದ ಅಂಗೈ ನೋಡಿ, "ನೀನೂ ಕೂತುಕೋ" ಎಂದಳು.

ಆ ಮನೆಯಲ್ಲಿ ಅವನಿಗೆ ಆ ಮಾತು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕೂತ. ಮೊದಲು ಏನು ಬೇಕೆಂದು ಅರಸ ಕೇಳಿದ್ದಕ್ಕೆ, ಜೊತೆಯ ಹತ್ತು ಜನರನ್ನು ಊರಿಗೆ ಕಳಿಸಿ, ಸೆರೆಯಲ್ಲಿರುವವರ ತಲೆ ಉಳಿಸಿ ಎಂದ. ಅರಸ ಎರಡಕ್ಕೂ ಹೂಂ ಎಂದು ಆಳುಗಳನ್ನು ಅಟ್ಟಿ, ಲಗ್ನದ ಮಾತೆತ್ತಲು ತಿರುಗಿದರೆ, ಅವನು ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದ.

"ಎಬ್ಬಿಸಬೇಡಿ ಅಪ್ಪಾಜಿ" ಎಂದಳು ದೇವಿ. "ನಾನು ಅವನಿಗೆ ಒಪ್ಪಿಗೆಯೋ ಅಲ್ಲವೋ ಅಂತ ಎದ್ದ ಮೇಲೆ ನಾನೇ ಕೇಳುತ್ತೇನೆ."

ಮರುದಿನ ಮಧ್ಯಾಹ್ನ ಎದ್ದ. ಕೇಳಿದಳು. ಒಪ್ಪಿದ. ಅವರು ಅಲ್ಲಿ ಗೋಡೆಗೆ ಒರಗಿ ಕೂತರು, ನಮಗಿಲ್ಲಿ ಇನ್ನೂ ಕೆಲಸ ಬಾಕಿ ಇದೆ.