ಜಾಗ ಬಿಟ್ಟ ಡೇರೆ

ಕಾಡಿನೊಳಗಿನ ಜಲಪಾತದ ಬದಿಯಲ್ಲಿ ಚಂಗಪ್ಪ ತನ್ನ ಹಳೆಯ ಡೇರೆ ಹಾಕಿ, ಸೌದೆ ಆಯಲು ಹೋದ. "ಎಂಥ ಗಾಳಿಗೂ ಬಿದ್ದಿಲ್ಲ ಇದು" ಎಂದು ಅವನು ಹೋದಲ್ಲೆಲ್ಲ ಹೊಗಳುತ್ತಿದ್ದುದರಿಂದ ಡೇರೆಗೆ ಒಳಗೊಳಗೇ ಹೆಮ್ಮೆ.

ಆಗ ಟಿಟ್ಟಿಭ ಹಕ್ಕಿಯೊಂದು ಓಡಿ ಬಂತು. "ಡೇರೆಯಣ್ಣ, ನೆಲಕ್ಕೆ ಬಿಗಿದ ನಿನ್ನ ಸೆರಗಿನ ಕೆಳಗೆ, ಕಲ್ಲುಗಳ ನಡುವೆ ನನ್ನ ಮೊಟ್ಟೆಗಳಿವೆ. ತಣ್ಣಗಾಗುತ್ತಿವೆ. ನಿನ್ನ ಯಜಮಾನನಿಗೆ ಕೂಗಿ ಹೇಳಿದೆ, ನೀರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ."

ಡೇರೆ ಆ ಬದಿಯ ಗೂಟಕ್ಕೆ, "ಹಗ್ಗ ಬಿಡು" ಎಂದಿತು.

"ಬಿಟ್ಟರೆ ಇಷ್ಟು ವರ್ಷದ ನಿನ್ನ ಹೆಸರು ಹೋಗುತ್ತದೆ" ಎಂದಿತು ಗೂಟ.

"ಹೋಗಲಿ, ಬಿಡು."

ಗಾಳಿ ಬೀಸಿದ್ದೇ ಡೇರೆ ಆಚೆ ಬದಿಗೆ ಮಗುಚಿಬಿತ್ತು. ಸೌದೆ ಹೊತ್ತು ಬಂದ ಚಂಗಪ್ಪ, "ಪಾಪ, ಇದಕ್ಕೂ ವಯಸ್ಸಾಯಿತು" ಎಂದು ಅದನ್ನು ಎಳೆದೊಯ್ದು, ತುಸು ಆಚೆ ಬಂಡೆಯ ಮರೆಯಲ್ಲಿ ಮತ್ತೆ ನಿಲ್ಲಿಸಿದ.

ಸಂಜೆ ಡೇರೆ ಮೆಲ್ಲಗೆ ಕೇಳಿತು: "ನಾನು ಬಿದ್ದದ್ದನ್ನು ಕಂಡು ಕಾಡೆಲ್ಲ ನಕ್ಕಿತೇನೋ?"

ಮೊಟ್ಟೆಗಳ ಮೇಲೆ ಕೂತಿದ್ದ ಹಕ್ಕಿ ರೆಕ್ಕೆ ಸರಿಪಡಿಸಿಕೊಂಡು ಹೇಳಿತು: "ನೀನು ಬಿದ್ದದ್ದನ್ನು ನಾನು ನೋಡಲಿಲ್ಲಣ್ಣ. ಎದ್ದು ಜಾಗ ಬಿಟ್ಟದ್ದನ್ನು ನೋಡಿದೆ."