ಬೆಲೆ ಹೇಳದ ಉಸ್ತಾದ

"ಬಿದ್ದರೆ ಎತ್ತುವವರು ಯಾರು ನಿನಗೆ?" ಎಂದು ಕೇಳಿದ್ದ ಕಲ್ಲವ್ವನ ಮೈದುನ ಈರಬಸಪ್ಪ. ಗಂಡ ಸತ್ತ ವರ್ಷ ಅವಳು ಖಾರ ಕುಟ್ಟುವ ಗಿರಣಿ ಹಾಕುತ್ತೇನೆ ಎಂದಾಗ, ನಾಲ್ಕು ಜನರ ಎದುರು ಆಡಿದ ಮಾತು ಅದು.

ಕಲ್ಲವ್ವ ಗಿರಣಿ ಹಾಕಿದಳು. ಆಮೇಲೆ ಇನ್ನೊಂದು. ಮೂಟೆ ಸಾಗಿಸಲು ಜೀಪು ಕೊಂಡು, ಓಡಿಸುವುದನ್ನೂ ತಾನೇ ಕಲಿತಳು. ಏನು ಬೇಕಾದರೂ ಮೊದಲು ಬೆಲೆ ಕೇಳುವಳು, ಕೊಟ್ಟು ತರುವಳು. ಯಾರ ಹಂಗೂ ಇಟ್ಟುಕೊಂಡವಳಲ್ಲ.

ಈಚೆಗೆ ಮಾತ್ರ ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಮೊಣಕಾಲು ಸೋತಿದ್ದವು. ಒಂದು ಮದುವೆಯಲ್ಲಿ ಪಂಕ್ತಿಗೆ ಕೂತು ಉಂಡವಳು ಏಳಲಾರದೆ ಒದ್ದಾಡಿದಳು. ಯಾರೋ ಕೈ ನೀಡಿದರು. ಹಿಡಿದು ಎದ್ದು ನೋಡಿದರೆ ಈರಬಸಪ್ಪ.

ಅವನು ನಕ್ಕ, ಅಷ್ಟೆ.

ಅಂದಿನಿಂದ ಕಲ್ಲವ್ವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಕಾಲಿಗೆ ಬಲ ಬರಬೇಕು, ವ್ಯಾಯಾಮ ಕಲಿಸುವವರನ್ನು ಗೊತ್ತು ಮಾಡಿಕೋ ಎಂದರು ಡಾಕ್ಟರು. ನದಿಯ ದಂಡೆಯಲ್ಲಿ ಭರಮಣ್ಣ ಉಸ್ತಾದನ ಗರಡಿ ಇತ್ತು. ಎಷ್ಟೋ ಪೈಲ್ವಾನರನ್ನು ತಿದ್ದಿ ತೀಡಿದ ಮುದುಕ. ಅವಳು ಜೀಪು ಬಂದ್ ಮಾಡುವಷ್ಟೂ ತಾಳ್ಮೆಯಿಲ್ಲದೆ ಇಳಿದು ಬಂದಳು.

"ನನಗೊಬ್ಬಳಿಗೇ ಬ್ಯಾರೆ ಕಲಿಸಬೇಕು. ತಿಂಗಳಿಗೆ ಏನು ತಗೋತೀರಿ?"

"ಮೊದಲು ಮಣ್ಣು ಹದ ಮಾಡು. ನನ್ನ ಕೂಲಿ ಆಮ್ಯಾಲೆ ಹೇಳ್ತೀನಿ."

ಗರಡಿಯ ಪದ್ಧತಿಯೇ ಹಾಗೆ. ಕಲಿಯಲು ಬಂದವರು ದಿನಾ ಬೆಳಿಗ್ಗೆ ಕುಸ್ತಿಯ ಹೊಂಡದ ಕೆಮ್ಮಣ್ಣನ್ನು ಅಗೆದು, ಮಜ್ಜಿಗೆ, ಎಣ್ಣೆ, ಅರಿಸಿನ ಸುರಿದು ಮಗುಚಿ ಮೆತ್ತಗೆ ಮಾಡಬೇಕು. ಒಳಗಿನ ಹೊಂಡ ಗಂಡಸರದು. ಉಸ್ತಾದ ಅವಳಿಗೆ ಹೊರಗೆ ಮತ್ತಿಮರದ ಕೆಳಗೆ ಬೇರೆ ಹೊಂಡಕ್ಕೆ ಜಾಗ ತೋರಿಸಿ, ಗುದ್ದಲಿ ಮುಂದೆ ಹಿಡಿದ.

"ಬೆಲೆ ಕೇಳದೆ ನಾನು ಉಪ್ಪೂ ಕೊಳ್ಳಾಕಿ ಅಲ್ಲ," ಎಂದಳು ಕಲ್ಲವ್ವ.

"ಹಂಗಾದ್ರ ಜೀಪು ಚಾಲೂನೇ ಐತಿ."

ಹೊರಟೇ ಹೋದಳು. ಮರುದಿನ ತಿರುಗಿ ಬಂದಳು, ಜೊತೆಗೆ ಗಿರಣಿಯ ಹಮಾಲ ಯಮನಪ್ಪನನ್ನು ಕರೆದುಕೊಂಡು. ಗುದ್ದಲಿ ಹಿಡಿದವನು ಅವನು. ಮಣ್ಣು ಅಗೆಯಲು ಆಳಿರುವಾಗ ಯಜಮಾನಿ ಯಾಕೆ ಅಗೆಯಬೇಕು? ಅವಳು ಕಲ್ಲಿನ ಮೇಲೆ ಕೂತು ಪಾಠ ಯಾವಾಗ ಶುರುವಾದೀತೆಂದು ಕಾದಳು.

ಉಸ್ತಾದ ಅವಳ ಕಡೆ ನೋಡಲಿಲ್ಲ. ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ, ಹಿಮ್ಮಡಿ ಊರು, ಉಸಿರು ಬಿಟ್ಟು ಏಳು ಎಂದು ಯಮನಪ್ಪನಿಗೆ ಹೇಳುತ್ತ ಕೂತ. ಕಲ್ಲವ್ವ ಏಳುವಳು, ರಸ್ತೆ ನೋಡುವಳು, ಮತ್ತೆ ಕೂರುವಳು. ಹೋಗುವಾಗ ಕೂಲಿ ಕೇಳುವಳು. ಅವನದು ಒಂದೇ ಉತ್ತರ, ಆಮ್ಯಾಲೆ. ಋಣ ಬೇಡವೆಂದು ತುಪ್ಪದ ಡಬ್ಬಿ, ಬಾದಾಮಿ ಕಳಿಸಿದರೆ ಅದನ್ನೂ ಯಮನಪ್ಪನಿಗೇ ತಿನ್ನಿಸಿದ.

ಚಳಿ ಕಳೆಯುವಷ್ಟರಲ್ಲಿ, ಮೂಟೆಯನ್ನು ಎಳೆದು ತರುತ್ತಿದ್ದ ಯಮನಪ್ಪ ಅದನ್ನು ಹೆಗಲಿಗೆ ಎಸೆದುಕೊಳ್ಳತೊಡಗಿದ. ಅವನ ಹೆಂಡತಿ ಗಿರಣಿಗೆ ಬಂದು ಜಗಳ ತೆಗೆದಳು. "ಅಕ್ಕಾರ, ನಿಮ್ಮ ಉಸ್ತಾದ್ರಿಗೆ ಸಾಕು ಅನ್ರಿ. ಇವರಿಗೆ ರೊಟ್ಟಿ ಬಡದು ಬಡದು ನನ್ನ ಕೈ ಬಿದ್ದು ಹೋದ್ವು."

ಕಲ್ಲವ್ವ ಅಂದೇ ದಂಡೆಗೆ ನುಗ್ಗಿದಳು.

"ತುಪ್ಪ ನಂದು, ಆಳಿನ ಪಗಾರ ನಂದು. ಮೈ ಮಾತ್ರ ಅವಂದಾತು. ಇದ್ಯಾವ ನ್ಯಾಯ?"

"ಗುದ್ದಲಿ ಯಾರ ಕೈಯಾಗಿತ್ತು?"

ಯಮನಪ್ಪನ ಕೈಯಿಂದ ಗುದ್ದಲಿ ಕಿತ್ತುಕೊಂಡು ಅವನನ್ನು ಗಿರಣಿಗೆ ಅಟ್ಟಿದಳು.

ಆಮೇಲೆ ತಾನೇ ಅಗೆದಳು. ಅವನಿಗೆ ಹೇಳಿದ್ದನ್ನೇ ಉಸ್ತಾದ ಅವಳಿಗೂ ಹೇಳಿದ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಗೈ ಬೊಬ್ಬೆ ಎದ್ದು, ಒಡೆದು, ಜಡ್ಡುಗಟ್ಟಿತು. ಅದನ್ನೆಲ್ಲ ತಡೆದುಕೊಂಡಳು. ತಡೆಯಲಾಗದ್ದು ಒಂದೇ: ಎಷ್ಟು ಕೊಡಬೇಕೋ ಗೊತ್ತಿಲ್ಲದೆ ತೆಗೆದುಕೊಳ್ಳುತ್ತಿದ್ದೇನಲ್ಲ ಎಂಬುದು. ಹಲ್ಲಿನ ಸಂದಿಯ ನಾರಿನಂತೆ ಅದು ಹಗಲೆಲ್ಲ ಕಾಡಿತು.

ಒಂದು ಬೆಳಿಗ್ಗೆ ಮಣ್ಣು ಜಾರಿತು. ಕಲ್ಲವ್ವ ಹೊಂಡದೊಳಗೆ ಕುಕ್ಕರಿಸಿ ಬಿದ್ದಳು. ಹಿಡಿಯಲು ಗೋಡೆಯಿಲ್ಲ, ಕಂಬವಿಲ್ಲ. ಅಂಚಿನಲ್ಲಿ ಉಸ್ತಾದ ಕೂತಿದ್ದ. ಅವಳ ಕೈ ತಾನಾಗಿ ಅವನತ್ತ ಚಾಚಿತು.

ಅವನು ಅಲುಗಲಿಲ್ಲ. ನದಿ ನೋಡುತ್ತಿದ್ದ.

"ಕಲ್ಲಾಗಿ ಕುಂತೀರಲ್ಲ. ನಿಮ್ಮ ಕೈಗೇನು ಬಂದೈತಿ?"

ಉಸ್ತಾದ ಇನ್ನಷ್ಟು ಬಿಗಿಯಾಗಿ ಕೂತ.

ಈರಬಸಪ್ಪನ ನಗೆ ಕಣ್ಮುಂದೆ ಬಂತು. ಕಲ್ಲವ್ವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಉಸ್ತಾದನ ಏಳು ತಲೆಮಾರನ್ನು ಬೈಯುತ್ತ ಮಂಡಿ ಬಗ್ಗಿಸಿದಳು, ಹಿಮ್ಮಡಿ ಊರಿದಳು. ಅರ್ಧ ಎದ್ದು ಮತ್ತೆ ಬಿದ್ದಳು. ಮತ್ತೆ ಹಿಮ್ಮಡಿ ಊರಿದಳು. ಬೈಗುಳ ಮುಗಿದಿತ್ತು. ಉಸಿರು ಬಿಟ್ಟಳು.

ಎದ್ದಳು.

ಮೈಯೆಲ್ಲ ಕೆಮ್ಮಣ್ಣು. ಸೆರಗಿನಿಂದ ಮುಖ ಒರೆಸಿಕೊಂಡು ಹೊಂಡ ಹತ್ತಿ ಅವನೆದುರು ನಿಂತಳು.

"ಈಗರೆ ಹೇಳ್ರಿ. ನನಗೆ ಯಾರ ಋಣನೂ ಬ್ಯಾಡ. ನಿಮ್ಮ ಕೂಲಿ ಎಷ್ಟು?"

ಉಸ್ತಾದ ಒಂದು ಮಗ್ಗುಲಿಗೆ ವಾಲಿ, ತೊಡೆಯ ಕೆಳಗಿನಿಂದ ಬಲಗೈ ಹೊರಗೆ ತೆಗೆದ. ಅದು ಅವಳತ್ತ ಚಾಚದಂತೆ ಇಷ್ಟು ಹೊತ್ತೂ ಮೈಭಾರವೆಲ್ಲ ಹಾಕಿ ಅದರ ಮೇಲೆ ಕೂತಿದ್ದ. ದಂಡೆಯ ಹರಳು ಅಂಗೈಗೆ ನೆಟ್ಟು ಅಲ್ಲಲ್ಲಿ ನೆತ್ತರು ಒಸರಿತ್ತು. ಬೆರಳು ಇನ್ನೂ ಬಿಡಿಸಿಕೊಂಡಿರಲಿಲ್ಲ.

ಆ ಕೈಯನ್ನು ಅವಳ ಮುಂದೆ ಹಿಡಿದು ಅವನು ಹೇಳಿದ:

"ಗಿರಣಿ ನಿನ್ನವು. ಜೀಪು ನಿಂದು. ಇವತ್ತಿಂದ ಮೊಣಕಾಲೂ ನಿನ್ನವ. ಅದರ ಬೆಲೆ ಇಷ್ಟಾತು ನೋಡವ್ವ."