ಬೇಕಾದವರ ಮೊಬೈಲು

ಮಗುವಿನ ತೂಕ ಹಾಕಿದರೆ ಔಷಧದ ಪ್ರಮಾಣ ಹೇಳುವ ಆ್ಯಪ್ ಮಕ್ಕಳ ಡಾಕ್ಟರ್ ಗುರುಬಸಪ್ಪನವರ ಮೊಬೈಲಿನಲ್ಲಿತ್ತು. ಅವರು ಅದನ್ನು ತೆರೆಯುತ್ತಿರಲಿಲ್ಲ. ಹಿಂದಿನ ವಾರ ಅವರ ಅಂದಾಜು ತಪ್ಪಿ ಒಂದು ಕೂಸು ದಿನವಿಡೀ ಮಂಪರಿನಲ್ಲಿತ್ತು. ಅದಕ್ಕೇ ನರ್ಸ್ ಶಾರವ್ವ ಆ್ಯಪಿನ ಮಾತೆತ್ತಿದಳು.

"ಮೊಬೈಲ್ ನೋಡಿದ್ರ ಡಾಕ್ಟರಿಗೇ ಗೊತ್ತಿಲ್ಲ ಅಂತಾರ ಜನ. ಇನ್ನೊಮ್ಮೆ ನನ್ನ ಮುಂದ ಆ ಮಾತು ಎತ್ತಬ್ಯಾಡ," ಎಂದರು ಡಾಕ್ಟರು.

"ಆತ್ರಿ ಸರ್," ಎಂದ ಶಾರವ್ವ ಹೊರಗೆ ಬಂದು, ಕಾದು ಕೂತಿದ್ದ ತಾಯಂದಿರಿಗೆ ಮೆಲ್ಲಗೆ ಹೇಳಿದಳು: "ನಮ್ಮ ಸಾಹೇಬ್ರು ಮೊಬೈಲ್ ನೋಡಿ ಔಷಧ ಬರಿಯೋದು ಭಾಳ ಬೇಕಾದವರ ಮಕ್ಕಳಿಗೆ ಮಾತ್ರ ನೋಡ್ರಿ."

ಮೊದಲು ಒಳಗೆ ಹೋದ ತಾಯಿ ಔಷಧದ ಚೀಟಿ ಮುಟ್ಟಲೇ ಇಲ್ಲ. "ನಾವೇನು ಬ್ಯಾಡಾದವರೇನ್ರಿ? ನಮ್ಮ ಕೂಸಿಗೂ ಮೊಬೈಲ್ ನೋಡಿ ಬರೀರಿ," ಎಂದಳು. ಅವಳ ಹಿಂದೆ ಬಂದವರೆಲ್ಲ ಅದನ್ನೇ ಕೇಳಿದರು.

ಮಧ್ಯಾಹ್ನ ಡಾಕ್ಟರು ಬಾಗಿಲಿಗೆ ಬಂದು ಗಂಭೀರವಾಗಿ ಹೇಳಿದರು: "ಶಾರವ್ವ, ಜನ ನನ್ನನ್ನ ಎಷ್ಟು ನಂಬ್ಯಾರ ನೋಡು. ಹೋಗಿ ಚಾರ್ಜರ್ ತಗೊಂಡು ಬಾ."